ಗರಡಿಯ ಎಣಿಕೆ, ಮುಂಗೈಯ ಎಣಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಸೀಮೆಯ ವ್ಯಾಯಾಮದ ಇತಿಹಾಸವನ್ನು ಕೊಲ್ಹಾಪುರ ಮತ್ತು ಮಿರಜಗಳನ್ನು ಬಿಟ್ಟು ಬರೆಯಲಾಗದು. 1949ರಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ರಾಯಬಾಗವು ಆ ಸಂಸ್ಥಾನದ ಭಾಗವಾಗಿಯೇ ಇತ್ತು. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಕಾಗವಾಡಕ್ಕೆ ಮಿರಜವೇ ನೆರೆಯ ದೊಡ್ಡ ಊರು. 1894ರಿಂದ 1922ರವರೆಗೆ ಕೊಲ್ಹಾಪುರವನ್ನು ಆಳಿದ ಶಾಹು ಮಹಾರಾಜರು ಕುಸ್ತಿಗೆ ರಾಜಾಶ್ರಯ ನೀಡಿ, 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನವನ್ನು ಕಟ್ಟಿಸಿದ ಮೇಲೆ, ಮಟ್ಟಿಯಲ್ಲಿ, ಅಂದರೆ ಕುಸ್ತಿಯ ಮಣ್ಣಿನ ಕಣದಲ್ಲಿ, ಪಳಗಿದ ಈ ಭಾಗದ ಹುಡುಗರಿಗೆ ಕೊಲ್ಹಾಪುರದ ತಾಲೀಮೇ ಹಂಬಲದ ಗುರಿಯಾಯಿತು.

ತಾಲೀಮು, ಅಂದರೆ ಗರಡಿಮನೆ, ಹಣಮಪ್ಪನ ಮೂರ್ತಿಯ ಮುಂದೆ ಅಗೆದ ಕೆಮ್ಮಣ್ಣಿನ ಅಖಾಡವಿರುವ, ಗಾಳಿ ಬೆಳಕು ಕಡಿಮೆಯಿರುವ ಒಂದು ಕೋಣೆ. ಮಣ್ಣು ಗಟ್ಟಿಯಾಗದಂತೆ ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ ಮತ್ತು ನಿಂಬೆರಸ ಬೆರೆಸಿ, ಪಟ್ಟು ಹಿಡಿಯುವ ಮೊದಲು ಸಲಿಕೆಯಿಂದ ಹದ ಮಾಡಲಾಗುತ್ತಿತ್ತು. ಆ ಅಗೆತವೇ ದಿನದ ಮೊದಲ ವ್ಯಾಯಾಮವೂ ಆಗುತ್ತಿತ್ತು. ಅಂಗೈಗಳನ್ನು ನೆಲಕ್ಕೂರಿ ಎದೆಯನ್ನು ತಗ್ಗಿಸಿ ಎತ್ತುವುದು ದಂಡ, ಕುಳಿತು ಏಳುವುದು ಬಸ್ಕಿ. ಇವೆರಡನ್ನೂ ನೂರರ ಲೆಕ್ಕದಲ್ಲಿ ಎಣಿಸಿ ಹೊಡೆಯುವುದೇ ಸಾಧನೆಯ ಅಳತೆಯಾಗಿತ್ತು, ಮತ್ತು ಆ ಎಣಿಕೆಯ ಮೇಲೆ ಗರಡಿಯ ಗುರುವಾದ ವಸ್ತಾದರ ಕಣ್ಣಿರುತ್ತಿತ್ತು. ಚಿಕ್ಕೋಡಿ ತಾಲೂಕಿನ ಏಕಸಂಬೆಯಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಪಳಗಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ರಾಷ್ಟ್ರಮಟ್ಟದ ಕುಸ್ತಿ ಪ್ರಶಸ್ತಿಯಾದ ಹಿಂದ್ ಕೇಸರಿಯನ್ನು ಮೊದಲಿಗರಾಗಿ ಗೆದ್ದದ್ದು ಈ ಪರಂಪರೆಯ ಉಚ್ಛ್ರಾಯದ ಘಟ್ಟ.

ಆದರೆ ಗರಡಿಯ ಶಿಸ್ತು ಮೈ ಬೆಳೆಸುವುದಕ್ಕೆ ರೂಪುಗೊಂಡದ್ದೇ ಹೊರತು ಮೈ ಇಳಿಸುವುದಕ್ಕಲ್ಲ. ಹಾಲು, ತುಪ್ಪ, ಬಾದಾಮಿಗಳ ಖುರಾಕು, ಅಂದರೆ ಪೈಲ್ವಾನನ ವಿಶೇಷ ಆಹಾರ, ಸಾವಿರಾರು ಬಸ್ಕಿಗಳ ಜೊತೆಗಷ್ಟೇ ಜೀರ್ಣವಾಗುವಂಥದ್ದು. ಕುಸ್ತಿ ಬಿಟ್ಟು ಖುರಾಕು ಬಿಡದವನಿಗೆ ಬೊಜ್ಜು ತಪ್ಪುತ್ತಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಗರಡಿಯ ಬಾಗಿಲು ತೆರೆದಿರಲೇ ಇಲ್ಲ. ನಲವತ್ತು ದಾಟಿದವರಿಗೆ ಗರಡಿಯಲ್ಲಿ ತಕ್ಕ ಸ್ಥಾನವಿಲ್ಲದಿದ್ದರೂ ಅದೊಂದು ಕೊರತೆಯಾಗಿ ಕಾಣದೆ ಹೋದದ್ದಕ್ಕೆ ಕಾರಣ ಸ್ಪಷ್ಟವಾಗಿದೆ: ನೇಗಿಲ ಹಿಂದೆ ನಡೆಯುವವನಿಗೂ ನಿಪ್ಪಾಣಿಯ ತಂಬಾಕಿನ ಹೊಲದಲ್ಲಿ ದಿನವಿಡೀ ಬಾಗಿ ದುಡಿಯುವವಳಿಗೂ ದೇಹದ ತೂಕ ಇಳಿಸುವ ಚಿಂತೆಯೇ ಇರಲಿಲ್ಲ.

ಮನೆಯೊಳಗೆ, ಉಪಕರಣವಿಲ್ಲದೆ, ನಡುವಯಸ್ಸಿನಲ್ಲಿ ಮಾಡಬಹುದಾದ ವ್ಯಾಯಾಮದ ಪ್ರಚಾರವು ಮಿರಜದ ಸಂಪರ್ಕದಿಂದಲೇ ಹುಟ್ಟಿದ್ದು ಈ ಸೀಮೆಯ ಇತಿಹಾಸದಲ್ಲಿ ಹೆಚ್ಚಿನ ಗಮನಕ್ಕೆ ಅರ್ಹವಾದ ಸಂಗತಿ. ಸಾತಾರಾ ಕಡೆಯ ಔಂಧ ಸಂಸ್ಥಾನದ ಭವಾನರಾವ ಪಂತ ಪ್ರತಿನಿಧಿಯವರು, ಯುರೋಪಿನ ಪ್ರಸಿದ್ಧ ದೇಹದಾರ್ಢ್ಯಪಟು ಯೂಜೆನ್ ಸ್ಯಾಂಡೋ ಅವರ ಪದ್ಧತಿಯನ್ನು ಸುಮಾರು ಹತ್ತು ವರ್ಷ ಅನುಸರಿಸಿದ ಬಳಿಕ, ಮಿರಜದ ಪಟವರ್ಧನ ದೊರೆಯ ಸಲಹೆಯಂತೆ 1908ರಲ್ಲಿ ಸೂರ್ಯನಮಸ್ಕಾರವನ್ನು ನಿತ್ಯವ್ಯಾಯಾಮವಾಗಿ ಕೈಗೊಂಡರು. 1868ರಲ್ಲಿ ಹುಟ್ಟಿದ ಅವರಿಗೆ ಆಗ ನಲವತ್ತು. ದೊರೆಯಾದ ಮೇಲೆ ಅವರು ಅದನ್ನು ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಕಡ್ಡಾಯಗೊಳಿಸಿದರು, 1928ರಲ್ಲಿ ಅದರ ಕುರಿತು ಪುಸ್ತಕ ಪ್ರಕಟಿಸಿದರು, ಮತ್ತು ಗರಡಿಯು ಹೊರಗಿಟ್ಟಿದ್ದ ಹೆಂಗಸರಿಗೂ ಅದನ್ನು ಒತ್ತಿ ಹೇಳಿದರು. ದಂಡದ ಚಲನೆಯೇ ಇದರ ಒಡಲಲ್ಲಿದ್ದರೂ, ಎಣಿಕೆಯನ್ನು ವಸ್ತಾದನ ಕಣ್ಣಿನಿಂದ ಬಿಡಿಸಿ ಮಂತ್ರೋಚ್ಚಾರಕ್ಕೆ ಜೋಡಿಸಿದ್ದರಿಂದ ಒಬ್ಬಂಟಿಯಾಗಿಯೂ ಲೆಕ್ಕ ತಪ್ಪದೆ ಮಾಡುವುದು ಸಾಧ್ಯವಾಯಿತು.

ತೂಕದ ಚಿಂತೆಯಿಲ್ಲದ ಆ ದುಡಿಮೆಯ ಬದುಕು ಮುಂದೆ ಬದಲಾಯಿತು. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆ ಮತ್ತು ಅದರ ನಂತರ ಬಂದ ಸಹಕಾರಿ ಕಾರ್ಖಾನೆಗಳ ಬೆನ್ನಿಗೆ ಕೃಷ್ಣಾ, ದೂಧಗಂಗಾ ತೀರಗಳು ಕಬ್ಬಿನ ನೆಲವಾದವು. ಕಾಲಕ್ರಮದಲ್ಲಿ ಪಂಪ್‌ಸೆಟ್, ಟ್ರ್ಯಾಕ್ಟರ್, ಮೋಟರ್ ಸೈಕಲ್‌ಗಳು ಬಂದು ಹೊಲದ ಒಡೆಯನ ನಡಿಗೆ ಕಡಿಮೆಯಾಯಿತು, ತಟ್ಟೆಯಲ್ಲಿನ ಅನ್ನ, ಎಣ್ಣೆ, ಸಕ್ಕರೆ ಹೆಚ್ಚಿದವು. ನಡುವಯಸ್ಸಿನ ಬೊಜ್ಜಿಗೆ ವಯಸ್ಸನ್ನೇ ದೂರುವುದು ರೂಢಿಯಾದರೂ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಶಕ್ತಿವ್ಯಯವು ಹೆಚ್ಚು ಕಡಿಮೆ ಸ್ಥಿರವಾಗಿರುತ್ತದೆಂದು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಕಡಿಮೆಯಾದ ಆ ನಡಿಗೆಯನ್ನು ಎಣಿಸಲು ಈಗ ಮುಂಗೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್‌ಗೂ ಒಂದು ಪೂರ್ವಚರಿತ್ರೆಯಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಪ್ರಚಾರದಿಂದ ಹರಡಿದ್ದು. ಬ್ಯಾಂಡ್ ಕೈಯ ಚಲನೆಯಿಂದ ಹೆಜ್ಜೆಯನ್ನೂ, ಚರ್ಮದ ಮೇಲೆ ಬಿಟ್ಟ ಹಸಿರು ಬೆಳಕು ರಕ್ತದ ಹರಿವಿಗನುಗುಣವಾಗಿ ಹಿಂದಿರುಗುವ ಪರಿಯಿಂದ ನಾಡಿಯನ್ನೂ ಗುರುತಿಸುತ್ತದೆ. ನಾಡಿಯ ಲೆಕ್ಕ ನಂಬಲರ್ಹವಾದರೂ ವ್ಯಯಿಸಿದ ಕ್ಯಾಲೊರಿಯದು ಹಾಗಲ್ಲ: 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಕ್ಯಾಲೊರಿ ಲೆಕ್ಕದಲ್ಲಿ ಅತ್ಯುತ್ತಮವಾದದ್ದೂ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ಆ ಅಂಕಿಯನ್ನು ನಂಬಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡವರ ತೂಕ ಇಳಿಯದಿದ್ದರೆ ಅದು ಅವರ ಛಲದ ಕೊರತೆಯಲ್ಲ. ಇನ್ನು ದಂಡ ಹೊಡೆಯುವಾಗ ಅಂಗೈ ನೆಲಕ್ಕೂರಿ ಮುಂಗೈ ಹೆಚ್ಚು ಅಲುಗದಿರುವುದರಿಂದ, ಗರಡಿಯಲ್ಲಿ ವಸ್ತಾದರು ಎಣಿಸುತ್ತಿದ್ದ ಆ ಶ್ರಮವು ಬ್ಯಾಂಡಿನ ಹೆಜ್ಜೆಯ ಲೆಕ್ಕಕ್ಕೆ ಬಹುಮಟ್ಟಿಗೆ ಬರುವುದೇ ಇಲ್ಲ.