ಹಿಮಕ್ಕೆ ಹೊರಟ ಮೋಟಾರು

ನೂರಹತ್ತು ವರ್ಷಗಳ ಹಿಂದೆ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಕಾರು ಇಟ್ಟುಕೊಂಡವರು ಚಳಿಗಾಲಕ್ಕೆ ಮಾಡಿಕೊಳ್ಳುತ್ತಿದ್ದ ಸಿದ್ಧತೆ ತೀರ ಸರಳ: ಕಾರನ್ನು ಹೊರಗೇ ತೆಗೆಯುತ್ತಿರಲಿಲ್ಲ. ಹಿಮ ಬೀಳುವ ಮೊದಲೇ ರೇಡಿಯೇಟರಿನ ನೀರು ಬಸಿದು, ಟೈರುಗಳ ಮೇಲೆ ಭಾರ ಬೀಳದಂತೆ ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಏರಿಸಿ, ಟಾರ್ಪಾಲು ಹೊದಿಸಿ ಕೊಟ್ಟಿಗೆಯ ಬಾಗಿಲು ಹಾಕಿದರೆ ಮುಗಿಯಿತು. ಮತ್ತೆ ಬಾಗಿಲು ತೆರೆಯುವುದು ಹಿಮ ಕರಗಿದ ಮೇಲೆ. ಅಲ್ಲಿಯವರೆಗೆ ಕುದುರೆಯೇ ಗತಿ, ಅದು ಎಳೆಯುವ ಚಕ್ರವಿಲ್ಲದ ಜಾರುಬಂಡಿಯೇ ಗತಿ.

ಇದನ್ನು ಅಂಜುಬುರುಕತನ ಎನ್ನುವಂತಿಲ್ಲ. ಅಂದಿನ ಕಾರಿಗೆ ಗೋಡೆಯೂ ಇರಲಿಲ್ಲ, ಸರಿಯಾದ ಸೂರೂ ಇರಲಿಲ್ಲ. 1919ರಲ್ಲಿ ಕೂಡ ಅಮೆರಿಕದಲ್ಲಿ ತಯಾರಾದ ಹತ್ತು ಕಾರುಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಮುಚ್ಚಿದ ಮೈ ಇತ್ತು. ಅದಕ್ಕಿಂತ ದೊಡ್ಡ ಗಂಡಾಂತರ ಎಂಜಿನ್ನಿನ ಒಳಗೇ ಕೂತಿತ್ತು. ಎಂಜಿನ್ ತಣಿಸಲು ಬಳಸುತ್ತಿದ್ದುದು ಬರೀ ನೀರು. ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಎರಕದ ಕಬ್ಬಿಣವೂ ಸೀಳುತ್ತದೆ. ಒಂದು ರಾತ್ರಿ ನೀರು ಬಸಿಯಲು ಮರೆತರೆ ಬೆಳಗ್ಗೆ ಎಂಜಿನ್ ಗುಜರಿಗೆ.

ಬಾಗಿಲು ಹಾಕಿ ಕೂರಲಾಗದವರೂ ಇದ್ದರು. ಹಳ್ಳಿ ಸುತ್ತುವ ವೈದ್ಯರಿಗೆ, ಅಂಚೆಯವರಿಗೆ ಚಳಿಗಾಲದ ರಜೆ ಎಲ್ಲಿಂದ ಬರಬೇಕು? 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಅಂಥವರ ಗಾಡಿ. ಚಳಿಯ ಬೆಳಗಿನಲ್ಲಿ ಅದನ್ನು ಎಬ್ಬಿಸುವುದು ಒಂದು ಪೂಜಾವಿಧಿಯಷ್ಟೇ ದೀರ್ಘ. ಒಲೆಯ ಮೇಲೆ ಕಾಯಿಸಿದ ನೀರನ್ನು ರೇಡಿಯೇಟರಿಗೆ ಸುರಿಯಬೇಕು, ಒಂದು ಹಿಂದಿನ ಚಕ್ರಕ್ಕೆ ಜಾಕ್ ಕೊಟ್ಟು ನೆಲದಿಂದ ಎತ್ತಬೇಕು, ಆಮೇಲೆ ಮುಂದೆ ಬಂದು ಹ್ಯಾಂಡಲ್ ತಿರುಗಿಸಬೇಕು. ಚಕ್ರ ಎತ್ತುವುದಕ್ಕೂ ಕಾರಣವಿತ್ತು. ಆ ಕಾರಿನ ಕ್ಲಚ್ಚು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತಿತ್ತು. ಚಳಿಗೆ ಆಯಿಲು ಗಟ್ಟಿಯಾದಾಗ ಕ್ಲಚ್ಚಿನ ಬಿಲ್ಲೆಗಳು ಒಂದಕ್ಕೊಂದು ಅಂಟಿ, ನ್ಯೂಟ್ರಲ್‌ನಲ್ಲಿದ್ದರೂ ಗಾಡಿ ಮುಂದಕ್ಕೆ ತೆವಳುತ್ತಿತ್ತು. ಮುಂದೆ ನಿಂತವನು ಯಾರು? ಹ್ಯಾಂಡಲ್ ಹಿಡಿದ ಯಜಮಾನನೇ. ಜೊತೆಗೆ ಹ್ಯಾಂಡಲ್ ಹಿಂದಕ್ಕೆ ಒದೆಯುವ ಭಯ ಬೇರೆ. ಹಾಗೆ ಮುರಿದ ಮಣಿಕಟ್ಟುಗಳು ಎಷ್ಟಿದ್ದವೆಂದರೆ ಮೂಳೆಶಾಸ್ತ್ರದ ಪುಸ್ತಕಗಳಲ್ಲಿ ಆ ಬಗೆಯ ಮುರಿತಕ್ಕೆ ‘ಶೋಫರ್ಸ್ ಫ್ರ್ಯಾಕ್ಚರ್’ ಎಂಬ ಹೆಸರು ಇಂದಿಗೂ ಉಳಿದಿದೆ.

ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂದಾಗ ಕೈ ಉಳಿಯಿತು, ತಲೆನೋವು ಬ್ಯಾಟರಿಗೆ ದಾಟಿತು. ಉಷ್ಣಾಂಶ ಮೈನಸ್ 18 ಡಿಗ್ರಿಗೆ ಇಳಿದರೆ ಸೀಸದ ಬ್ಯಾಟರಿಯ ಕಸುವು ಅರ್ಧದ ಆಸುಪಾಸಿಗೆ ಬರುತ್ತದೆ. ಗಟ್ಟಿಯಾದ ಆಯಿಲಿನ ನಡುವೆ ಎಂಜಿನ್ ತಿರುಗಿಸಲು ಬೇಕಾದ ಬಲವೋ ಅದೇ ಹೊತ್ತಿಗೆ ಏರಿರುತ್ತದೆ. ರಾತ್ರಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದಿಟ್ಟುಕೊಳ್ಳುವವರು ಚಳಿ ದೇಶಗಳಲ್ಲಿ ಬಹಳ ಕಾಲ ಇದ್ದರು.

ಈ ಹೊತ್ತಿಗಾಗಲೇ ಸಣ್ಣಪುಟ್ಟ ಉಪಾಯಗಳು ಪೇಟೆಗೆ ಬರತೊಡಗಿದ್ದವು. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಎಂಬ ಊರಿನ ಹ್ಯಾರಿ ವೀಡ್, ಜನ ಟೈರಿಗೆ ಹಗ್ಗ ಸುತ್ತಿ ಕೆಸರು ದಾಟುವುದನ್ನು ಕಂಡು ಸರಪಳಿಯ ಯೋಚನೆ ಮಾಡಿದನಂತೆ. 1904ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದರ ಹಿಂದಿನ ವರ್ಷ ಅಲಬಾಮಾದ ಮೇರಿ ಆಂಡರ್ಸನ್ ವೈಪರಿಗೆ ಪೇಟೆಂಟ್ ಪಡೆದಿದ್ದಳು. ನ್ಯೂಯಾರ್ಕಿನ ಟ್ರಾಮಿನಲ್ಲಿ ಕೂತಿದ್ದಾಗ, ಗಾಜಿನ ಮೇಲಿನ ಹಿಮದಿಂದ ದಾರಿ ಕಾಣದೆ ಚಾಲಕ ಪಡುತ್ತಿದ್ದ ಪಾಡು ಅವಳ ಕಣ್ಣಿಗೆ ಬಿದ್ದಿತ್ತು. ಒಳಗಿನಿಂದ ಕೈಯಲ್ಲಿ ಎಳೆಯುವ ಆ ಸಲಕರಣೆಯನ್ನು ಕೊಳ್ಳುವವರೇ ಇರಲಿಲ್ಲ. ಪೇಟೆಂಟಿನ ಅವಧಿ ತೀರಿದ ಮೇಲೆ ವೈಪರ್ ಎಲ್ಲ ಕಾರುಗಳಿಗೂ ಬಂತು, ಅವಳಿಗೆ ಕಾಸು ಮಾತ್ರ ಬರಲಿಲ್ಲ.

ಹೆಪ್ಪುಗಟ್ಟುವ ನೀರಿನ ಗೋಳು ಇನ್ನೂ ರಂಜಕ. ಜನ ರೇಡಿಯೇಟರಿಗೆ ಏನೆಲ್ಲ ಸುರಿದರು! ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಲೋಹ ತುಕ್ಕು ಹಿಡಿಯಿತು, ಸೀಮೆಎಣ್ಣೆ ಹಾಕಿದರೆ ರಬ್ಬರ್ ಪೈಪು ಹಾಳಾಯಿತು. ಜೇನುತುಪ್ಪ ಬೆರೆಸಿದವರೂ ಇದ್ದರು. ಹೆಚ್ಚಿನವರು ನೆಚ್ಚಿದ್ದು ಆಲ್ಕೋಹಾಲನ್ನು. ಅದಕ್ಕೊಂದು ಕೆಟ್ಟ ಗುಣ: ನೀರಿಗಿಂತ ಬೇಗ ಆವಿಯಾಗುತ್ತದೆ. ಎಂಜಿನ್ ಚೆನ್ನಾಗಿ ಕಾದಷ್ಟೂ ರಕ್ಷಣೆ ಹಾರಿಹೋಗುತ್ತಿತ್ತು. ಈ ಪರದಾಟಕ್ಕೆ ಮದ್ದಾದ ಎಥಿಲೀನ್ ಗ್ಲೈಕಾಲ್ ಹೊಸ ವಸ್ತುವೇನಲ್ಲ. ಫ್ರೆಂಚ್ ರಸಾಯನಶಾಸ್ತ್ರಜ್ಞ ಷಾರ್ಲ್ ಅಡಾಲ್ಫ್ ವೂರ್ಟ್ಸ್ 1850ರ ದಶಕದಲ್ಲೇ ಅದನ್ನು ತಯಾರಿಸಿದ್ದ. ಏತಕ್ಕೆ ಬಳಸಬೇಕೆಂದು ತಿಳಿಯದೆ ಅದು ದಶಕಗಳ ಕಾಲ ಪ್ರಯೋಗಾಲಯದಲ್ಲೇ ಉಳಿದಿತ್ತು. 1927ರಲ್ಲಿ ‘ಪ್ರೆಸ್ಟೋನ್’ ಹೆಸರಿನ ಡಬ್ಬಿಯಲ್ಲಿ ಮಾರಾಟಕ್ಕೆ ಬಂತು. ಇದರ ವರ್ತನೆ ವಿಚಿತ್ರ. ಶುದ್ಧ ಗ್ಲೈಕಾಲ್ ಮೈನಸ್ 13 ಡಿಗ್ರಿಯ ಹತ್ತಿರವೇ ಗಟ್ಟಿಯಾಗುತ್ತದೆ, ಸಮ ಪಾಲು ನೀರು ಬೆರೆಸಿದರೆ ಮೈನಸ್ 37ರವರೆಗೂ ಹರಿಯುತ್ತದೆ. ನೀರು ಬೇಗ ಕುದಿಯದಂತೆಯೂ ಅದು ತಡೆಯುತ್ತದೆ. ಹಾಗಾಗಿ ಹಿಮವನ್ನೇ ಕಾಣದ ಕಲಬುರಗಿಯ ಕಾರಿಗೂ ಮೆಕ್ಯಾನಿಕ್ ಕೂಲಂಟ್ ಎಂದು ಸುರಿಯುವುದು ಸಾಮಾನ್ಯವಾಗಿ ಇದನ್ನೇ.

ದೊಡ್ಡ ಕಂಪನಿಗಳಿಗಿಂತ ಮೊದಲು ಚಳಿ ಊರಿನವರೇ ಪರಿಹಾರ ಹುಡುಕಿಕೊಂಡದ್ದು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ವಿದ್ಯುತ್ ಸಹಕಾರ ಸಂಘ ನಡೆಸುತ್ತಿದ್ದ ಆಂಡ್ರ್ಯೂ ಫ್ರೀಮನ್, ತಾಮ್ರದ ಕೊಳವೆಯ ತುಂಡು, ರಬ್ಬರ್ ಪೈಪು, ಇಸ್ತ್ರಿಪೆಟ್ಟಿಗೆಯ ಕಾಯಿಲ್ ಇವನ್ನೆಲ್ಲ ಸೇರಿಸಿ ಎಂಜಿನ್ ಕಾಯಿಸುವ ಹೀಟರ್ ಮಾಡಿದ. ಎಂಜಿನ್ನಿನ ತಲೆಯ ಒಂದು ಬೋಲ್ಟ್ ತೆಗೆದು ಆ ಜಾಗಕ್ಕೆ ಇದನ್ನು ತಿರುಪಿ ಕೂರಿಸಬೇಕು. 1949ರಲ್ಲಿ ಪೇಟೆಂಟ್ ಬಂತು. ಕರೆಂಟ್ ಮಾರುವವನೇ ಕರೆಂಟ್ ತಿನ್ನುವ ಯಂತ್ರ ಕಂಡುಹಿಡಿದದ್ದು ವ್ಯವಹಾರಕ್ಕೂ ಒಳ್ಳೆಯದೇ ಆಯಿತೆನ್ನಿ. ಕೆನಡಾದ ವಿನಿಪೆಗ್‌ನಲ್ಲಿ, ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಕಾರುಗಳ ಮೂತಿಯಿಂದ ಪ್ಲಗ್ಗಿನ ವೈರ್ ನೇತಾಡುವುದು ಈಗಲೂ ಸಾಮಾನ್ಯ ನೋಟ.

ಟೈರಿನ ಕಥೆ ಫಿನ್ಲೆಂಡಿನದು. ಸುಓಮೆನ್ ಗುಮ್ಮಿತೆಹ್ದಾಸ್ ಎಂಬ ರಬ್ಬರ್ ಕಾರ್ಖಾನೆ 1934ರಲ್ಲಿ ಲಾರಿಗಳಿಗೆಂದೇ ಹಿಮದ ಟೈರ್ ತಯಾರಿಸಿತು; 1936ರಲ್ಲಿ ಕಾರುಗಳಿಗೂ ಮಾಡಿತು. ಅಡ್ಡಕ್ಕೆ ಆಳವಾಗಿ ಕೊರೆದ ಅದರ ಗೀರುಗಳು ಸಡಿಲ ಹಿಮವನ್ನು ಕಚ್ಚಿ ಹಿಡಿಯುತ್ತಿದ್ದವು. ಇದೇ ಕಾರ್ಖಾನೆ 1967ರಲ್ಲಿ ಇನ್ನೆರಡು ಕಂಪನಿಗಳ ಜೊತೆ ಸೇರಿ ಆದದ್ದು ನೋಕಿಯಾ. ಒಂದು ಕಾಲಕ್ಕೆ ನಮ್ಮೂರುಗಳ ಜೇಬುಗಳನ್ನೆಲ್ಲ ಆಳಿದ ಫೋನಿಗೂ ಹಿಮದ ಟೈರಿಗೂ ಬೇರು ಒಂದೇ.

1950ರ ದಶಕ ಮುಗಿಯುವಷ್ಟರಲ್ಲಿ ಮುಚ್ಚಿದ ಮೈ, ಒಳಗೆ ಹೀಟರ್, ಚಳಿಗೂ ತೆಳುವಾಗೇ ಇರುವ ಆಯಿಲ್, ರಸ್ತೆಗೆ ಎರಚುವ ಉಪ್ಪು ಎಲ್ಲವೂ ಬಂದಿದ್ದವು. ಕೀಲಿ ತಿರುಗಿಸಿದರೆ ಕಾರು ಹೊರಡುತ್ತಿತ್ತು. ಹಿಂದೆ ಸ್ಟಾರ್ಟ್ ಆಗದ ಕಾರು ತನಗರಿವಿಲ್ಲದೆಯೇ ಯಜಮಾನನನ್ನು ಮನೆಯಲ್ಲಿ ಉಳಿಸಿ ಕಾಯುತ್ತಿತ್ತು. ಆ ಕಾವಲು ಈಗ ಹೋಯಿತು. ಅಪಾಯ ಕೊಟ್ಟಿಗೆಯಿಂದ ಹೆದ್ದಾರಿಗೆ ಬಂತು.

1978ರ ಫೆಬ್ರವರಿ 6, ಸೋಮವಾರ. ಬಾಸ್ಟನ್ನಿನಲ್ಲಿ ಬೆಳಗ್ಗೆ ಹಿಮ ಇನ್ನೂ ಶುರುವಾಗಿರಲಿಲ್ಲ, ಜನ ಎಂದಿನಂತೆ ಕೆಲಸಕ್ಕೆ ಹೋದರು. ಬೀಳಲು ಶುರುವಾದ ಮೇಲೆ ಎಲ್ಲರೂ ಒಟ್ಟಿಗೇ ಮನೆಗೆ ಹೊರಟರು. ಎಲ್ಲರ ಕಾರೂ ಸ್ಟಾರ್ಟ್ ಆಯಿತು, ಕಷ್ಟ ಬಂದದ್ದು ಅಲ್ಲಿಯೇ. ನಗರದ ಸುತ್ತಿನ ರೂಟ್ 128ರಲ್ಲಿ ಸುಮಾರು 3,000 ಕಾರು, 500 ಲಾರಿ ಹೂತುಹೋದವು. ಬೆಚ್ಚಗಿರಲೆಂದು ಎಂಜಿನ್ ಓಡಿಸುತ್ತ ಕೂತವರ ಸೈಲೆನ್ಸರ್ ಬಾಯಿ ಹಿಮದಿಂದ ಮುಚ್ಚಿ, ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ ಹಲವರು ಸತ್ತರು. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಟಾರ್ಚು ಇಟ್ಟುಕೊಳ್ಳಿ, ಮೊದಲು ಸೈಲೆನ್ಸರ್ ಬಾಯಿ ಬಿಡಿಸಿ ಎಂದು ಅಲ್ಲಿ ಪ್ರತಿ ಚಳಿಗಾಲಕ್ಕೂ ಹೇಳುವುದು ಇಂಥ ಸಾವುಗಳನ್ನು ಕಂಡೇ.

ಇನ್ನು ಕಾನೂನು. ಸ್ವೀಡನ್ನಿನಲ್ಲಿ 1999ರಿಂದ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಜರ್ಮನಿಯವರು ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎಂಬ ಮನೆಮಾತಿನ ಲೆಕ್ಕ ಇಟ್ಟುಕೊಂಡಿದ್ದಾರೆ. ಹಿಮ ಕಚ್ಚಲೆಂದು ಮೊಳೆ ಕೂರಿಸಿದ ಟೈರುಗಳನ್ನು ಅವರು 1975ರಲ್ಲೇ ನಿಷೇಧಿಸಿದರು, ಹಿಮವಿಲ್ಲದ ದಿನಗಳಲ್ಲಿ ಅವು ರಸ್ತೆಯನ್ನೇ ಕೊರೆದುಹಾಕುತ್ತಿದ್ದವು. ಫಿನ್ಲೆಂಡಿನಲ್ಲಂತೂ ಜಾರುವ ಹಾದಿಯಲ್ಲಿ ಗಾಡಿ ಹತೋಟಿಗೆ ತರುವುದು ಲೈಸೆನ್ಸ್ ಪಾಠದ ಭಾಗ.

ನಮ್ಮ ಹಿಮಾಲಯ ಇದೇ ದಾರಿಯನ್ನು ತಡವಾಗಿ, ಅವಸರದಲ್ಲಿ ನಡೆಯುತ್ತಿದೆ. ರೋಹ್ತಾಂಗ್ ಕಣಿವೆದಾರಿ ಮುಚ್ಚಿದರೆ ಅದರಾಚೆಯ ಲಾಹೌಲ್ ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರವಾಗುತ್ತಿತ್ತು. ಆ ಬಾಗಿಲು ಹಾಕುವ ಕೆಲಸವನ್ನು ಹಿಮವೇ ಮಾಡುತ್ತಿತ್ತು. 2020ರ ಅಕ್ಟೋಬರ್ 3ರಂದು ಆ ಕಣಿವೆದಾರಿಯ ಅಡಿಯಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯಿತು, ಚಳಿಗಾಲದಲ್ಲೂ ಕಾರುಗಳು ಹೋಗತೊಡಗಿದವು. 2024ರ ಡಿಸೆಂಬರಿನಲ್ಲಿ ಕ್ರಿಸ್ಮಸ್ ಹೊತ್ತಿಗೆ ಸೋಲಾಂಗ್ ಮತ್ತು ಸುರಂಗದ ನಡುವೆ ಸುಮಾರು ಸಾವಿರ ವಾಹನ ಹಿಮದಲ್ಲಿ ಸಿಕ್ಕಿಕೊಂಡವು. ಹಿಮ ಬಿದ್ದರೆ ಫೋರ್ ಬೈ ಫೋರ್ ಗಾಡಿಗಳನ್ನಷ್ಟೇ ಮೇಲೆ ಬಿಡುವುದು ಮನಾಲಿ ಪೊಲೀಸರ ರೂಢಿ.

ಡೀಸೆಲ್ಲಿನ ವಿಚಾರವೂ ಈಚಿನದೇ. ಚಳಿ ಹೆಚ್ಚಿದರೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಲಡಾಖಿನ ಲಾರಿಯವರು ಸೀಮೆಎಣ್ಣೆ ಬೆರೆಸಿಯೋ, ಟ್ಯಾಂಕಿನ ಅಡಿಗೆ ಬೆಂಕಿ ಹಾಕಿಯೋ ದಾರಿ ಮಾಡಿಕೊಳ್ಳುತ್ತಿದ್ದರು, ಮಾಡೆಲ್ ಟಿ ಯಜಮಾನರ ಕಾಲದ ಎದೆಗಾರಿಕೆಯಿಂದಲೇ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ಲನ್ನು ಲಡಾಖಿಗೆ ಕಳಿಸತೊಡಗಿತು. ಬೆಂಗಳೂರಿನಿಂದ ಹಿಮ ನೋಡಲು ಹೊರಟ ಡೀಸೆಲ್ ಕಾರು ಮಾತ್ರ ಬಯಲುನಾಡಿನ ಬಂಕಿನಲ್ಲಿ ತುಂಬಿಸಿಕೊಂಡದ್ದನ್ನೇ ಹೊತ್ತು ಮೇಲೆ ಹತ್ತುತ್ತದೆ.