ಆಣಿ ಕೀಳುವವರಿಂದ ಪಾದವೈದ್ಯರವರೆಗೆ

ನಿಮ್ಮ ಅಂಗಾಲನ್ನು ನೀವು ಕೊನೆಯ ಬಾರಿ ಗಮನವಿಟ್ಟು ನೋಡಿದ್ದು ಯಾವಾಗ? ಬಹುಶಃ ಮುಳ್ಳು ಚುಚ್ಚಿದಾಗಲೋ ಹಿಮ್ಮಡಿ ಒಡೆದಾಗಲೋ ಇರಬೇಕು. ದೇಹದ 206 ಮೂಳೆಗಳಲ್ಲಿ 52 ಮೂಳೆಗಳು ಎರಡು ಪಾದಗಳಲ್ಲೇ ಇವೆ. ಕಾಲು ಭಾಗ ಕಾಲಲ್ಲೇ ಇದೆ ಎಂದು ತರಗತಿಯಲ್ಲಿ ಹೇಳಿ ನೋಡಿ, ಮಕ್ಕಳು ಮರೆಯುವುದಿಲ್ಲ. ಕಣ್ಣಿಗೊಬ್ಬ, ಹಲ್ಲಿಗೊಬ್ಬ ವೈದ್ಯರಿರುವುದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಪಾದಕ್ಕೆಂದೇ ಒಂದು ವೈದ್ಯವೃತ್ತಿ ಇದೆ, ಅದರ ಹೆಸರು ಪೋಡಿಯಾಟ್ರಿ ಎಂದರೆ ಅನೇಕರು ಹುಬ್ಬೇರಿಸುತ್ತಾರೆ. ಈ ವೃತ್ತಿಯ ಹಿಂದಿರುವ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ನೆರೆಯ ವೆಲ್ಲೂರಿನಲ್ಲೇ ನಡೆಯಿತು.

ಯುರೋಪಿನಲ್ಲಿ ಬಹುಕಾಲ ಈ ಕೆಲಸ ಬೀದಿಬೀದಿ ಅಲೆದು ಆಣಿ ಕೀಳುವವರದಾಗಿತ್ತು. 1785ರಲ್ಲಿ ಲಂಡನ್ನಿನ ಡೇವಿಡ್ ಲೋ ಎಂಬಾತ ಪಾದದ ತೊಂದರೆಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿ, ಗ್ರೀಕ್ ಭಾಷೆಯ 'ಕೈ' ಮತ್ತು 'ಪಾದ' ಎಂಬ ಪದಗಳನ್ನು ಕೂಡಿಸಿ 'ಕಿರಾಪೊಡಿಸ್ಟ್' ಎಂಬ ಹೆಸರನ್ನು ಬಳಕೆಗೆ ತಂದ. ಹೆಸರು ದೊಡ್ಡದಾಯಿತೇ ಹೊರತು ಕೆಲಸದ ಹಿಂದಿನ ತಿಳಿವಳಿಕೆ ಬೆಳೆಯಲಿಲ್ಲ. ಬ್ರಿಟನ್ನಿನ ಅರಮನೆಯ ಪಾದಚಿಕಿತ್ಸಕನಾಗಿದ್ದ ಲೂಯಿ ಡರ್ಲಾಕರ್ ಬೇರೆ ಜಾತಿಯ ಮನುಷ್ಯ. 1845ರ ತನ್ನ ಗ್ರಂಥದಲ್ಲಿ ಆತ ಆಣಿ, ಉಗುರಿನ ರೋಗಗಳ ಜೊತೆಗೆ, ಕಾಲ್ಬೆರಳುಗಳ ಬುಡದಲ್ಲಿ ನರ ನಲುಗಿ ಹುಟ್ಟುವ ಒಂದು ವಿಚಿತ್ರ ನೋವನ್ನೂ ವರ್ಣಿಸಿದ. ಮೂರು ದಶಕಗಳ ನಂತರ, 1876ರಲ್ಲಿ, ಅಮೆರಿಕದ ಥಾಮಸ್ ಮಾರ್ಟನ್ ಅದನ್ನೇ ಬರೆದರು. ಇಂದು ಪಠ್ಯಗಳಲ್ಲಿ ಅದಕ್ಕೆ ಮಾರ್ಟನ್ ಹೆಸರೇ ಇದೆ! ಪಾದ ಸವರುವವನ ಮಾತನ್ನು ವೈದ್ಯಲೋಕ ಎಷ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಅಬ್ರಹಾಂ ಲಿಂಕನ್‌ಗೂ ಕಾಲುನೋವಿತ್ತು. ಅಂತರ್ಯುದ್ಧದ ನಡುವೆಯೇ, 1862ರ ಸೆಪ್ಟೆಂಬರಿನಲ್ಲಿ, ಇಸಾಕರ್ ಜಕಾರಿ ಎಂಬ ಪಾದಚಿಕಿತ್ಸಕನಿಗೆ ಅವರು ಪ್ರಶಂಸಾಪತ್ರ ಬರೆದುಕೊಟ್ಟರು. ಆಗ ಇಂಥ ಪತ್ರಗಳೇ ಪದವಿ. ಕಲಿಸುವ ಶಾಲೆಯಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ.

ಶಾಲೆ ಬಂದದ್ದು 1911ರಲ್ಲಿ, ನ್ಯೂಯಾರ್ಕಿನಲ್ಲಿ. ಕಟ್ಟಿದವರು ಮಾರಿಸ್ ಲೆವಿ. ಅವರು ಎಂ.ಡಿ. ಪಡೆದ ವೈದ್ಯರಾಗಿದ್ದರೆಂಬುದು ಗಮನಾರ್ಹ. 'ಪಾದ' ಮತ್ತು 'ವೈದ್ಯ' ಎಂಬ ಗ್ರೀಕ್ ಪದಗಳಿಂದಾದ 'ಪೋಡಿಯಾಟ್ರಿ' ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಲಂಡನ್ನಿನಲ್ಲಿ 1913ರಲ್ಲಿ ಬಡವರಿಗಾಗಿ ತೆರೆದ ಒಂದು ಚಿಕಿತ್ಸಾಲಯ ಮುಂದೆ ಪಾದಗಳ ಆಸ್ಪತ್ರೆಯಾಗಿ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯೂ ಪಾಠಗಳು ಶುರುವಾದವು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಈ ಶಾಲೆಗಳು ಕಲಿಸಿದ್ದು ಹೆಚ್ಚಾಗಿ ನೋಯುವ ಪಾದದ ಚಿಕಿತ್ಸೆಯನ್ನು. ನೋವೇ ಇಲ್ಲದ ಪಾದವನ್ನು ಏನು ಮಾಡಬೇಕು?

ಇದಕ್ಕೆ ಉತ್ತರ ಹುಡುಕಿದವರು ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಆಗ ವೈದ್ಯರೂ ನಂಬಿದ್ದರು. ಒಂದು ದಿನ ತುಕ್ಕು ಹಿಡಿದ ಬೀಗವನ್ನು ತೆರೆಯಲಾಗದೆ ಬ್ರಾಂಡ್ ಒದ್ದಾಡುತ್ತಿದ್ದರು. ರೋಗಿಯಾಗಿದ್ದ ಸಣ್ಣ ಹುಡುಗನೊಬ್ಬ ಬಂದು ಬೀಗದ ಕೈಯನ್ನು ಸಲೀಸಾಗಿ ತಿರುಗಿಸಿಬಿಟ್ಟ. ಅವನ ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಚರ್ಮ ಸೀಳಿ ಮೂಳೆ ಕಾಣುತ್ತಿತ್ತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಕೆಲವರ ಬೆರಳ ತುದಿಗಳು ಮಾಯವಾಗುತ್ತಿದ್ದವು. ಕಾವಲು ಕಾದಾಗ ತಿಳಿದದ್ದು, ಇಲಿಗಳು ಕಡಿಯುತ್ತಿದ್ದವು ಎಂದು. ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟು ಕಳಿಸಲಾಯಿತು.

ಹಾಗಾದರೆ ಮಾಂಸ ಕೊಳೆಯುತ್ತಿರಲಿಲ್ಲ, ನರ ಸತ್ತಿತ್ತು. ನಮಗೆ ಚಪ್ಪಲಿಯೊಳಗೆ ಒಂದು ಹರಳು ಸಿಕ್ಕರೆ ತಕ್ಷಣ ಕುಂಟುತ್ತೇವೆ. ಸ್ಪರ್ಶಜ್ಞಾನ ಕಳೆದುಕೊಂಡವರು ಕುಂಟುವುದಿಲ್ಲ, ಅದೇ ಜಾಗದ ಮೇಲೆ ಸಾವಿರ ಸಾವಿರ ಹೆಜ್ಜೆ ಇಡುತ್ತಾರೆ. ಅಲ್ಲಿ ಹುಣ್ಣಾಗುತ್ತದೆ. ಚಿಕಿತ್ಸೆಯ ಮೊದಲ ಹೆಜ್ಜೆ ಮುಲಾಮು ಅಲ್ಲ, ಒತ್ತಡ ಇಳಿಸುವುದು. ಬ್ರಾಂಡ್ ತಂಡದವರು ಪ್ಲಾಸ್ಟರ್ ಕಟ್ಟಿದರು, ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರಿನ ಚಪ್ಪಲಿ ಮಾಡಿಸಿದರು. ನನ್ನ ಅಭಿಪ್ರಾಯದಲ್ಲಿ ಈ ಕಥೆಯಲ್ಲಿ ಚಮ್ಮಾರರ ಪಾಲು ಶಸ್ತ್ರವೈದ್ಯರ ಪಾಲಿಗಿಂತ ಕಡಿಮೆಯದಲ್ಲ.

1966ರಲ್ಲಿ ಬ್ರಾಂಡ್ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಮಧುಮೇಹಿಗಳ ಪಾದಗಳನ್ನು ನೋಡಿದಾಗ ಅವರಿಗೆ ವೆಲ್ಲೂರಿನ ಹುಣ್ಣುಗಳೇ ಕಂಡವು. ಬಹುಕಾಲದ ಮಧುಮೇಹವೂ ನರಗಳನ್ನು ಕೆಡಿಸುತ್ತದಷ್ಟೆ. ಯಾರ ಪಾದಕ್ಕೆ ಅಪಾಯವಿದೆಯೆಂದು ಮೊದಲೇ ತಿಳಿಯುವುದು ಹೇಗೆ? ಕಾರ್ವಿಲ್‌ನ ಬಿರ್ಕೆ ಮತ್ತು ಸಿಮ್ಸ್ 1986ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಸಾಧನ ಒಂದು ನೈಲಾನ್ ಎಳೆ. ಪಾದಕ್ಕೆ ನೆಟ್ಟಗೆ ಒತ್ತಿದಾಗ ಅದು 10 ಗ್ರಾಂ ಭಾರಕ್ಕೆ, ಎಂದರೆ ಸುಮಾರು 0.1 ನ್ಯೂಟನ್ ಬಲಕ್ಕೆ, ಬಾಗುತ್ತದೆ. ಕಣ್ಣು ಮುಚ್ಚಿದ ರೋಗಿಗೆ ಅದು ತಾಕಿದ್ದು ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ.

ಇದರ ಹಿಂದಿನ ಭೌತಶಾಸ್ತ್ರ ಸೊಗಸಾದದ್ದು. ಒತ್ತುವವರ ಕೈ ಗಟ್ಟಿಯಿರಲಿ, ಮೆತ್ತಗಿರಲಿ, ಎಳೆ ಬಾಗಿದ ಮೇಲೆ ತುದಿಯ ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತೆಳುವಾದ ಕಂಬ ಯಾವ ಭಾರಕ್ಕೆ ಬಾಗುತ್ತದೆಂಬುದನ್ನು ನಿರ್ಧರಿಸುವುದು ಅದರ ವಸ್ತು, ಉದ್ದ ಮತ್ತು ದಪ್ಪ. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ತೋರಿಸಿದ ಸಂಗತಿಯಿದು. ಗಾಳದ ನೈಲಾನ್ ದಾರದ ದಪ್ಪನೆಯ ತುಂಡೊಂದನ್ನು ಪ್ರಯೋಗಾಲಯದ ಡಿಜಿಟಲ್ ತಕ್ಕಡಿಯ ಮೇಲೆ ನೆಟ್ಟಗೆ ಒತ್ತಿ ನೋಡಿ. ದಾರ ಬಾಗಿದ ಕೂಡಲೇ ಅಂಕಿ ಏರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಉದ್ದವನ್ನು ಅರ್ಧ ಮಾಡಿದರೆ ಬೇಕಾಗುವ ಬಲ ಸುಮಾರು ನಾಲ್ಕು ಪಟ್ಟಾಗಬೇಕು. ಆಗುತ್ತದೆಯೇ?

ಪಾದವೈದ್ಯರಿಂದ ಆದ ಪ್ರಯೋಜನವೇನು ಎಂದು ನೀವು ಕೇಳಬಹುದು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ 1981ರಲ್ಲಿ ಮೈಕೇಲ್ ಎಡ್ಮಂಡ್ಸ್ ಮತ್ತು ಸಂಗಡಿಗರು ವೈದ್ಯ, ದಾದಿ, ಪಾದಚಿಕಿತ್ಸಕ, ಶಸ್ತ್ರವೈದ್ಯ, ಪಾದರಕ್ಷೆ ಮಾಡುವವರು ಎಲ್ಲರನ್ನೂ ಒಂದೇ ಕಡೆ ಕೂಡಿಸಿ ಮಧುಮೇಹಿಗಳ ಪಾದಗಳಿಗೆ ಚಿಕಿತ್ಸಾಲಯ ತೆರೆದರು. ಕೆಲವೇ ವರ್ಷಗಳಲ್ಲಿ ಕಾಲು ಕತ್ತರಿಸುವ ದೊಡ್ಡ ಶಸ್ತ್ರಚಿಕಿತ್ಸೆಗಳು ಸುಮಾರು ಅರ್ಧಕ್ಕೆ ಇಳಿದವು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಬರಿಗಾಲಲ್ಲಿ ಗದ್ದೆಗಿಳಿಯುವವರು, ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕುವವರು ಇವರಲ್ಲಿ ಎಷ್ಟೋ ಮಂದಿ.

ಈ ವೃತ್ತಿಯನ್ನು ಕಲಿಯುವುದು ಎಲ್ಲಿ? ಅಮೆರಿಕದಲ್ಲಿ ಕಾಲೇಜು ಮುಗಿಸಿದ ಮೇಲೆ 4 ವರ್ಷದ ಡಿ.ಪಿ.ಎಂ. ಪದವಿ, ನಂತರ 3 ವರ್ಷ ಆಸ್ಪತ್ರೆಯ ತರಬೇತಿ. ಅವರು ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷದ ಬಿ.ಎಸ್‌ಸಿ. ಪದವಿ ಮತ್ತು ಕಡ್ಡಾಯ ನೋಂದಣಿ. ನೋಂದಣಿಯಿಲ್ಲದೆ ಪಾದವೈದ್ಯನೆಂದು ಹೇಳಿಕೊಂಡರೆ ಅಪರಾಧ. ನಮ್ಮಲ್ಲಿ ಎಂ.ಬಿ.ಬಿ.ಎಸ್., ನರ್ಸಿಂಗ್ ಅಥವಾ ಫಿಸಿಯೋಥೆರಪಿ ಓದಿದವರು ಮುಂದೆ ಮಧುಮೇಹ ಪಾದದ ತರಬೇತಿ ಪಡೆಯುವುದೇ ರೂಢಿ. ಬೆಂಗಳೂರಿನ ಸರ್ಕಾರಿ ಮಧುಮೇಹ ಸಂಸ್ಥೆಯಾದ ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪೋಡಿಯಾಟ್ರಿ ವಿಭಾಗವಿದೆ. 2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯ ಅನುಸೂಚಿಯಲ್ಲಿ 'ಪೋಡಿಯಾಟ್ರಿಸ್ಟ್' ಎಂಬ ಪದ ಸೇರಿದೆ. ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ದಾರಿ ಹಿಡಿದರೆ, ಅವರ ಕೈಗೆ ಬರುವ ಮೊದಲ ಉಪಕರಣಗಳಲ್ಲಿ ಜಡ್ಡುಗಟ್ಟಿದ ಚರ್ಮ ಕೆರೆಯುವ ಸಣ್ಣ ಚೂರಿಯೂ ಆ ನೈಲಾನ್ ಎಳೆಯೂ ಇರುತ್ತವೆ.