ವಿದ್ಯಾದಾತ್ರಿ ಮಹಾರಾಣಿ ಸ್ವರ್ಣಮಯೀ

ವಂಗದೇಶದ ಮುರ್ಶಿದಾಬಾದಿನ ಸಮೀಪದಲ್ಲಿ ಕಾಸಿಂಬಜಾರ್ ಎಂಬ ಊರಿದೆ. ಇಂಗ್ಲಿಷರೂ ಡಚ್ಚರೂ ರೇಷ್ಮೆಯ ವ್ಯಾಪಾರಕ್ಕೆಂದು ಕೋಠಿಗಳನ್ನು ತೆರೆದಿದ್ದ ಸ್ಥಳವದು. ವಾರನ್ ಹೇಸ್ಟಿಂಗ್ಸನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಕೃಷ್ಣಕಾಂತ ನಂದಿಯವರು ಅಲ್ಲಿ ಬೆಳೆಸಿದ ಶ್ರೀಮಂತ ಮನೆತನಕ್ಕೆ ಬರ್ದ್ವಾನ್ ಸೀಮೆಯ ಹಳ್ಳಿಯೊಂದರಿಂದ ಬಾಲವಧುವಾಗಿ ಬಂದವರು ಸ್ವರ್ಣಮಯೀದೇವಿ.

ಪತಿ ರಾಜಾ ಕೃಷ್ಣನಾಥರು ಆಧುನಿಕ ವಿದ್ಯೆಯಲ್ಲಿ ಅಪಾರ ಆಸ್ಥೆಯಿದ್ದ ತರುಣರು. ಫೌಜದಾರಿ ಪ್ರಕರಣವೊಂದರಲ್ಲಿ ಸಿಲುಕಿ, ಅವಮಾನಕ್ಕೆ ಅಂಜಿ, 1844ರ ಅಕ್ಟೋಬರಿನಲ್ಲಿ ಕಲಕತ್ತೆಯಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟಿದ್ದ ಮೃತ್ಯುಪತ್ರದ ಪ್ರಕಾರ ಆಸ್ತಿಯ ಬಹುಭಾಗ ಒಂದು ವಿಶ್ವವಿದ್ಯಾಲಯದ ಸ್ಥಾಪನೆಗೆ ಸಲ್ಲತಕ್ಕದ್ದು. ಪತ್ನಿಗೆ ದೊರೆಯುವುದು ತಿಂಗಳ ಜೀವನಾಂಶ ಮಾತ್ರ. ಕಲಕತ್ತಾ ವಿಶ್ವವಿದ್ಯಾಲಯವೇ 1857ರಲ್ಲಿ ಹುಟ್ಟಿತೆಂಬುದನ್ನು ನೆನೆದರೆ ಆ ಕನಸು ಎಷ್ಟು ದೊಡ್ಡದೆಂಬುದು ತಿಳಿದೀತು. ಆದರೆ ಹದಿನೇಳರ ಆಸುಪಾಸಿನ ವಿಧವೆಯ ಗತಿಯೇನು?

ಸ್ವರ್ಣಮಯೀದೇವಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಬರೆಯುವಾಗ ರಾಜರ ಚಿತ್ತ ಸ್ವಸ್ಥವಾಗಿರಲಿಲ್ಲವೆಂಬ ವಾದವನ್ನು ಕಲಕತ್ತೆಯ ಸುಪ್ರೀಂ ಕೋರ್ಟು ಮನ್ನಿಸಿ, 1847ರಲ್ಲಿ ಮೃತ್ಯುಪತ್ರವನ್ನು ಅಸಿಂಧುವೆಂದು ಸಾರಿತು. ಗಂಡನ ಕನಸನ್ನು ಹೆಂಡತಿಯೇ ಅಳಿಸಿದಳೆಂದು ಹೇಳುವುದು ಸುಲಭ. ತನ್ನ ಹಕ್ಕನ್ನು ಕೇಳಿದ್ದರಲ್ಲಿ ಈ ಲೇಖಕನಿಗೆ ತಪ್ಪು ಕಾಣುವುದಿಲ್ಲ.

ಗೆದ್ದ ಸಂಪತ್ತನ್ನು ಅವರು ಹೇಗೆ ವಿನಿಯೋಗಿಸಿದರೆಂಬುದೇ ಮುಖ್ಯ ಸಂಗತಿ. ಪರದೆಯ ಹಿಂದೆ ಕುಳಿತೇ, ದಿವಾನ್ ರಾಜೀವಲೋಚನ ರಾಯರ ನೆರವಿನಿಂದ ಜಮೀನ್ದಾರಿಯನ್ನು ಸುಸ್ಥಿತಿಗೆ ತಂದರು. ಬಹರಾಂಪುರದಲ್ಲಿ (ಇದು ಒಡಿಶಾದ ಬ್ರಹ್ಮಪುರವಲ್ಲ) ಸರಕಾರವು 1853ರಲ್ಲಿ ತೆರೆದಿದ್ದ ಕಾಲೇಜಿನ ಹೊಣೆಯಿಂದ 1880ರ ದಶಕದಲ್ಲಿ ಹಿಂದೆ ಸರಿಯಲೆತ್ನಿಸಿದಾಗ, ಅದರ ವೆಚ್ಚವನ್ನು ವಹಿಸಿಕೊಂಡವರು ಇವರೇ. ಕಲಕತ್ತೆಯ ವೈದ್ಯಕೀಯ ಕಾಲೇಜು ಆಗಷ್ಟೇ ಸ್ತ್ರೀಯರಿಗೆ ಬಾಗಿಲು ತೆರೆದಿತ್ತು. ಆದರೆ ಪರಸ್ಥಳದಿಂದ ಬರುವ ಹೆಣ್ಣುಮಕ್ಕಳು ಉಳಿಯುವುದೆಲ್ಲಿ? ಅವರ ವಸತಿಗೃಹಕ್ಕಾಗಿ ಮಹಾರಾಣಿಯವರು ಒಂದೂವರೆ ಲಕ್ಷ ರೂಪಾಯಿಗಳನ್ನಿತ್ತರು. ತಾವು ಪರದೆ ದಾಟದವರು, ವೈದ್ಯೆಯಾಗಲು ಮನೆ ಬಿಟ್ಟು ಬಂದ ಹುಡುಗಿಯರಿಗೆ ಸೂರು ಒದಗಿಸಿದರು! ಬಿರುದುಗಳು ಬಂದವು: 1871ರಲ್ಲಿ 'ಮಹಾರಾಣಿ', 1878ರಲ್ಲಿ 'ಕ್ರೌನ್ ಆಫ್ ಇಂಡಿಯಾ'.

1897ರಲ್ಲಿ ಅವರು ನಿಧನರಾದರು. ಸಂಸ್ಥಾನಕ್ಕೆ ಬಂದ ಕೃಷ್ಣನಾಥರ ಸೋದರಳಿಯ ಮಣೀಂದ್ರಚಂದ್ರ ನಂದಿಯವರು ಆ ಪರಂಪರೆಯನ್ನು ಮುಂದುವರಿಸಿದರು. ಅವರ ಕಾಲದಲ್ಲಿ ಬಹರಾಂಪುರದ ಕಾಲೇಜಿಗೆ ಕೃಷ್ಣನಾಥರ ಹೆಸರು ಬಂತು. ಚಿತ್ತಗಾಂಗಿನ ಕ್ರಾಂತಿಕಾರಿ ಸೂರ್ಯಸೇನರು ಓದಿದ್ದು ಅಲ್ಲಿಯೇ.

2021ರಲ್ಲಿ ಆ ಕಾಲೇಜೇ ಮುರ್ಶಿದಾಬಾದ್ ವಿಶ್ವವಿದ್ಯಾಲಯವಾಯಿತು. ಮೃತ್ಯುಪತ್ರದಲ್ಲಿದ್ದ ವಿಶ್ವವಿದ್ಯಾಲಯ ನೂರೆಪ್ಪತ್ತೇಳು ವರ್ಷಗಳ ತರುವಾಯ ಬಂದಿತು; ಆದರೆ 2021ರಲ್ಲಿ ಕೃಷ್ಣನಾಥರ ಹೆಸರು ಅದರ ಫಲಕದಲ್ಲಿ ಇರಲಿಲ್ಲ.